ಸಾರಮ್ಮ ಎತ್ತದ ಹೆಸರು

“ಮ್ಯಾರಿ ಅಂದ ಮೇಲೆ ವಿತ್ ಹಾಕ್ಲಿಕ್ಕಿಲ್ಲ. ಈಗಷ್ಟೇ ಹೇಳಿದ್ದಲ್ವಾ?”

ದರ್ಬೆಯ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಟೀಚರ್ ಜುಮಾನಾ ಗದರಿದಾಗ ಎಲ್ಲರೂ ನಕ್ಕರು. ದುಬೈ ಇಂಟರ್‌ವ್ಯೂಗೆಂದು ಈಶ್ವರಮಂಗಲದಿಂದ ಬರುತ್ತಿದ್ದ ಶಾನವಾಝ್ ಮಾತ್ರ ನಗಲಿಲ್ಲ. ಅವಳನ್ನೇ ನೋಡಿದ. ಅಯ್ಯೋ, ಆ ನೋಟ...!

ಆಮೇಲೆ ದಿನಾ ಅದೇ ಕಥೆ. ಲಿಸನ್‌ಗೆ ಟು ಬೇಕು, ಡಿಸ್ಕಸ್‌ಗೆ ಅಬೌಟ್ ಬೇಡ... ಗೊತ್ತಿದ್ದೂ ತಪ್ಪು ಹೇಳಿ, ಕ್ಲಾಸ್ ಮುಗಿದ ಮೇಲೂ ಅವನು ಉಳಿಯುತ್ತಿದ್ದ. ಅವಳಿಗೂ ಅದು ಬೇಕಿತ್ತು. ತಲಾಖ್ ಆಗಿ ತವರಿಗೆ ಬಂದವಳು, ಈ ಹುಚ್ಚು ಮನಸ್ಸು ಮತ್ತೆ ಯಾರನ್ನೋ ಬಯಸೀತೆಂದು ಎಣಿಸಿಯೇ ಇರಲಿಲ್ಲ.

ಒಂದು ದಿನ ಅವನ ದೊಡ್ಡಮ್ಮ ಸಾರಮ್ಮ ಸಂಬಂಧ ಕೇಳಲು ಜುಮಾನಾಳ ಮನೆಗೆ ಬಂದರು. ಹುಡುಗಿಯ ಹೆಸರೆತ್ತಿ ಕೇಳುವುದು ಮರ್ಯಾದೆಯಲ್ಲ ಎಂಬ ಹಳೇ ಕ್ರಮ ಅವರದು. “ನಿಮ್ಮ ಹುಡುಗಿಯನ್ನು ನಮ್ಮ ಶಾನವಾಝನಿಗೆ ಕೊಡಿ” ಎಂದರಷ್ಟೆ. ಎಡವಟ್ಟಾದದ್ದು ಅಲ್ಲೇ ನೋಡಿ!

ತಾಯಿ ಆಯಿಶಮ್ಮನ ಲೆಕ್ಕದಲ್ಲಿ ಮದುವೆಗಿದ್ದವಳು ಕಿರಿಯ ಮಗಳು ನುಸ್ರತ್ ಒಬ್ಬಳೇ. ಅವಳನ್ನೇ ಕರೆದರು. ಟೀಚರನ್ನು ಕಂಡೇ ಇರದ ಸಾರಮ್ಮ ಅವಳ ಬಾಯಿಗೇ ಸಿಹಿ ಇಟ್ಟರು.

ತಂಗಿಯ ಶಾಲು ಸರಿಮಾಡಿ ಕಳಿಸಿದ ಜುಮಾನಾ, ಅಡುಗೆಮನೆಯ ನಳ್ಳಿ ನೀರು ಬಿಟ್ಟು ಆ ಸದ್ದಿನಲ್ಲಿ ಅತ್ತಳು. ‘ಛೆ, ಇವಳಿಗಾಗಿ ನನ್ನ ಕ್ಲಾಸಿಗೆ ಬಂದದ್ದಾ...?’

ಮರುದಿನ ಕ್ಲಾಸ್ ಮುಗಿದಾಗ, ಎಂದಿನಂತೆ ಉಳಿದಿದ್ದ ಅವನಿಗೆ ಅವಳೇ ಹೇಳಿದಳು.

“ನುಸ್ರತ್ ಪಾಪದವಳು. ಚೆಂದ ನೋಡಿಕೊಳ್ಳಿ.”

“ನುಸ್ರತ್ ಯಾರು?”

ಜುಮಾನಾಳಿಗೊಬ್ಬಳು ತಂಗಿ ಇರುವುದೇ ಅವನಿಗೆ ಗೊತ್ತಿರಲಿಲ್ಲ. ಆಯಿಶಮ್ಮನ ಮಗಳು ಎಂದಷ್ಟೇ ದೊಡ್ಡಮ್ಮನಿಗೆ ನಾಚಿಕೊಂಡು ಹೇಳಿದ್ದನಂತೆ. ಈಗಲೇ ಬಂದು ಹೆಸರು ಹೇಳಿ ಕೇಳುತ್ತೇನೆ ಎಂದ.

ಅವಳು ಬೇಡವೆಂದಳು. ಮನೆಯಲ್ಲಿ ನುಸ್ರತ್ ಆಗಲೇ ನೆಂಟರಿಗೆಲ್ಲ ಫೋನ್ ಮಾಡಿ ಸಂಭ್ರಮಪಡುತ್ತಿದ್ದಳು. ತಂಗಿಯನ್ನು ಒಲ್ಲೆ ಎಂದವನ ಕೈಹಿಡಿದು ಅವಳ ಮುಂದೆಯೇ ಬದುಕುವುದು ಹೇಗೆ?

“ನನಗೆ ಅವರನ್ನು ಮದುವೆ ಆಗ್ಲಿಕ್ಕೆ ಆಗುದಿಲ್ಲ ಮೇಡಂ.”

“ಗೊತ್ತುಂಟು. ನನಗೂ ನಿಮ್ಮನ್ನು ಆಗ್ಲಿಕ್ಕೆ ಆಗುದಿಲ್ಲ.”

ಅವನು ಬಾಗಿಲವರೆಗೆ ಹೋಗಿ ತಿರುಗಿ ನಿಂತ.

“ನಿಮಗೆ ನನ್ನ ಮೇಲೆ ಮನಸ್ಸಿತ್ತಾ? ಅಷ್ಟು ಹೇಳಿ, ಹೋಗ್ತೇನೆ.”

“ಇತ್ತು... ಈಗಲೂ ಉಂಟು.”

ಅವನ ಕಣ್ಣು ತುಂಬಿತು. “ಬನ್ನಿ, ಬಸ್ ಸ್ಟ್ಯಾಂಡಿನವರೆಗೆ ಬರ್ತೇನೆ.”

“ಬೇಡ ಶಾನು, ನೀವು ಹೋಗಿ. ಮುಖ ತೊಳೆದು ನಾನು ಮನೆಗೆ ಹೋಗ್ಬೇಕು. ನುಸ್ರತ್‌ಗೆ ನಾನೇ ಹೇಳ್ಬೇಕಲ್ಲ.”