ಪ್ರಕಟವಾಗದ ಸುದ್ದಿ

2008ರ ಆಗಸ್ಟ್ 4, ಸೋಮವಾರ. ಕಮಲಾಪುರ ಠಾಣೆಯ ಅಂಗಳಕ್ಕೆ ನೀರು ಹೊಡೆಯುವ ಹೊತ್ತಿಗೇ ಸರಕಾರಿ ಶಾಲೆಯ ಮುಖ್ಯಶಿಕ್ಷಕಿ ಶೇವಂತಾ ಬಂದು ನಿಂತಿದ್ದರು. ಕೈಯಲ್ಲಿ ಗೋಡೆಯಿಂದ ಕಿತ್ತು ತಂದ ಹಾಳೆಗಳು. ಅಂಟು ಇನ್ನೂ ಆರಿರಲಿಲ್ಲ. ಪಿಎಸ್‌ಐ ಮಾಣಿಕಪ್ಪ ಒಂದನ್ನು ಬಿಡಿಸಿ ನೋಡಿದರು. ‘ಮಕ್ಕಳ ಬಿಸಿಯೂಟದ ಅಕ್ಕಿ ಮಾರಿಕೊಂಡ ಮುಖ್ಯಶಿಕ್ಷಕಿ.’ ಕಲಬುರಗಿಯ ‘ಬೆಣ್ಣೆತೊರೆ ವಾರ್ತೆ’ ಪತ್ರಿಕೆಯ ವೆಬ್‌ಸೈಟಿನಿಂದ ತೆಗೆದ ಪ್ರಿಂಟು. ಶೇವಂತಾ ಅವರ ಹೆಸರು, ಫೋಟೊ ಎರಡೂ ಇದ್ದವು.

“ಎಲ್ಲಿ ಹಚ್ಚಿದ್ರು?”

“ಬಸ್‌ಸ್ಟ್ಯಾಂಡಿನಾಗ, ಪಂಚಾಯ್ತಿ ಗ್ವಾಡಿಗೆ, ಸಾಲಿ ಗೇಟಿಗೆ. ಎರಡನೇ ಕ್ಲಾಸಿನ ಹುಡುಗಿ ಒಬ್ಬಾಕಿ ಅಕ್ಷರ ಕೂಡಿಸಿ ಕೂಡಿಸಿ ಓದಾಕತ್ತಿದ್ಳು ಸಾಹೇಬ್ರ. ಆಕಿಗಿ ಅಕ್ಷರ ಕಲಿಸಿದಾಕಿ ನಾನೇ.”

ಮಾಣಿಕಪ್ಪ ಎಫ್‌ಐಆರ್ ದಾಖಲಿಸಿದರು. ಮಾನಹಾನಿಗಾಗಿ ಖೋಟಾ ದಾಖಲೆ ಸೃಷ್ಟಿಸಿದ ಆರೋಪ. ಮಧ್ಯಾಹ್ನದೊಳಗೆ ಹೆಡ್‌ಕಾನ್‌ಸ್ಟೆಬಲ್ ಲಾಲ್ ಅಹ್ಮದ್ ಜೊತೆ ಶಾಲೆಗೆ ಹೋಗಿ, ಪಂಚರ ಎದುರು ಅಕ್ಕಿಯ ಕೋಣೆ ತೆರೆಸಿ ಪಂಚನಾಮೆ ಮಾಡಿದರು. ಒಂದು ಚೀಲವೂ ಕಡಿಮೆ ಇರಲಿಲ್ಲ. ವಿಚಿತ್ರವೆಂದರೆ, ಠಾಣೆಯ ಕಂಪ್ಯೂಟರಿನಲ್ಲಿ ವೆಬ್‌ಸೈಟ್ ತೆರೆದರೆ ಆ ಸುದ್ದಿಯೇ ಇರಲಿಲ್ಲ.

ಮರುದಿನ ಕಲಬುರಗಿಯ ಪತ್ರಿಕಾ ಕಚೇರಿಯಲ್ಲಿ ವೆಬ್‌ಸೈಟ್ ನೋಡಿಕೊಳ್ಳುವ ಜಯತೀರ್ಥ ಹಾಳೆ ಕಂಡು ಬೆವರಿದ.

“ಸುದ್ದಿ ನಮ್ದೇ ಅದ ಸರ್. ಆದ್ರ ಪ್ರಕಟ ಮಾಡಿಲ್ಲ. ವಿಚಾರಿಸಿದಾಗ ಸುಳ್ಳಂತ ಗೊತ್ತಾಯ್ತು, ಸಂಪಾದಕರು ತಡೆದ್ರು. ಕರಡಿನಾಗೇ ಉಳದದ.”

“ಪ್ರಕಟ ಆಗದಿದ್ದದ್ದು ಪುಟದಾಗ ಹ್ಯಾಂಗ ಕಾಣ್ತು?”

“ಪ್ರಿವ್ಯೂ ಅಂತ ಅದರೀ. ಪ್ರಕಟಿಸೋಕಿಂತ ಮೊದಲು ಸುದ್ದಿ ಹ್ಯಾಂಗ ಕಾಣಸ್ತದ ನೋಡ್ಲಿಕ್ಕೆ. ಅದಕ್ಕೊಂದು ಗುಪ್ತ ಕೊಂಡಿ. ಅದು ಇದ್ದವರಿಗಷ್ಟೇ ಕಾಣಸ್ತದ.”

“ಯಾರ್‍ಯಾರಿಗೆ ಕೊಟ್ಟೀರಿ?”

“ಕಚೇರಿಯವರಿಗಷ್ಟೇ.” ಜಯತೀರ್ಥ ಮುಖ ಎತ್ತಲಿಲ್ಲ.

ವೆಬ್‌ಸೈಟ್ ಕಟ್ಟಿದವರನ್ನು ವಿಚಾರಿಸಿದಾಗ, ಹೊರಗಿನಿಂದ ಪ್ರಿವ್ಯೂ ತೆರೆದದ್ದು ಒಂದೇ ಕಡೆ ಎಂದು ಗೊತ್ತಾಯಿತು: ಕಲಬುರಗಿಯ ಮೋಮಿನಪುರದಲ್ಲಿ ಮಕ್ಸೂದ್ ನಡೆಸುವ ಸೈಬರ್ ಕೆಫೆ. ಮಾಣಿಕಪ್ಪನಿಗೆ ಅಷ್ಟು ಸಾಕಾಯಿತು. ನಡುಹಗಲು ಜೀಪು ನಿಲ್ಲಿಸಿ, ಗಿರಾಕಿಗಳ ಎದುರೇ ಮಕ್ಸೂದನ ರಟ್ಟೆ ಹಿಡಿದು ಹೊರಗೆಳೆದರು. ಎದುರಿನ ಚಾ ಅಂಗಡಿಯವರೆಲ್ಲ ಎದ್ದು ನಿಂತರು. ಲಾಲ್ ಅಹ್ಮದ್ “ಸರ್, ಮೊದ್ಲು ಕೇಳೋಣ್ರೀ” ಎಂದದ್ದು ಮಾಣಿಕಪ್ಪನ ಕಿವಿಗೆ ಬಿದ್ದಿತ್ತು, ಕೇಳಿಸದವರಂತೆ ನಡೆದಿದ್ದರು.

ಠಾಣೆಯಲ್ಲಿ ಮಕ್ಸೂದ್ ಒಂದೇ ಮಾತು ಹಿಡಿದ. “ಸಾಬ್, ಆ ಖಬರ್ ನಾನೂ ನೋಡೀನಿ. ಮೂಲಿ ಕಂಪ್ಯೂಟರಿನಾಗ ಪೇಪರ್ ತೆಗದ್ರ ದಿನಾ ಕಾಣಸ್ತದ. ಗಿರಾಕಿಗೋಳೂ ನೋಡ್ಯಾರ. ಪೇಪರಿನವರು ಛಾಪಿಸ್ಯಾರ ಅಂತ ತಿಳಕೊಂಡೀವಿ.”

ಸುಳ್ಳೆಂದು ತೋರಿಸಿಕೊಡಲೆಂದೇ ಮಾಣಿಕಪ್ಪ ಅವನನ್ನು ಕೆಫೆಗೆ ಕರೆದೊಯ್ದರು, ಜಯತೀರ್ಥನನ್ನೂ ಕರೆಸಿದರು. ಮೂಲೆಯ ಕಂಪ್ಯೂಟರಿನಲ್ಲಿ ಸುದ್ದಿ ಇತ್ತು. ಪಕ್ಕದ್ದರಲ್ಲಿ ಇರಲಿಲ್ಲ.

ಜಯತೀರ್ಥ ಕುರ್ಚಿಯ ಮೇಲೆ ಕುಸಿದ. “ಕೊಂಡಿಯಿಂದ ಒಮ್ಮೆ ಒಳಗ ಹೋದ್ರ, ಪ್ರಿವ್ಯೂ ಬಂದ್ ಮಾಡೋತನಕ ಅದು ಚಾಲೂನೇ ಇರ್ತದ ಸರ್. ಆಮ್ಯಾಲ ಅದರ ಮುಂದ ಯಾರು ಕುಂತರೂ ಕರಡು ಕಾಣಸ್ತದ, ಪ್ರಕಟ ಆದಂಗ. ಯಾರೋ ಬಂದ್ ಮಾಡ್ದೇ ಎದ್ದು ಹೋಗ್ಯಾರ.”

“ಯಾರೋ ಅಲ್ಲ. ಹೆಸರು ಹೇಳು.”

“ವಿಠ್ಠಲ ಮಾಸ್ತರ್ರು. ಕಮಲಾಪುರದ ಸುದ್ದಿ ಅವರೇ ಕಳಸ್ತಾರ. ಸರಕಾರಿ ನೌಕರಿ, ಅದಕ್ಕ ಹೆಸರು ಹಾಕೂದಿಲ್ಲ. ತಪ್ಪಿದ್ರ ಹೇಳ್ರೀ ಅಂತ ಕೊಂಡಿ ನಾನೇ ಕಳಿಸಿದ್ದೆ. ಸುದ್ದಿ ತಡದದ್ದು ಅವರಿಗೆ ಹೇಳ್ಲಿಲ್ಲ. ನಿನ್ನೆ ನಿಮಗೂ ಹೇಳ್ಲಿಲ್ಲ, ನೌಕರಿ ಹೋಗ್ತದಂತ ಅಂಜಿದ್ನಿ.”

ಮಾಣಿಕಪ್ಪ ಅವನಿಗೆ ಬೈಯಲಿಲ್ಲ. ಮಕ್ಸೂದನ ಕಡೆ ತಿರುಗಿದರು.

“ತಪ್ಪಾಯ್ತು, ಮಕ್ಸೂದಭಾಯ್.”

“ಸಾಬ್, ಎಳಕೊಂಡು ಹೋಗೂದು ಮೊಹಲ್ಲಾ ಪೂರಾ ನೋಡ್ಯಾದ. ಈ ಮಾತು ಯಾರು ಕೇಳ್ಯಾರ?”

ಮಾಣಿಕಪ್ಪ ಅವನೊಂದಿಗೆ ಚಾ ಅಂಗಡಿಗೆ ನಡೆದು, ಅಲ್ಲಿದ್ದವರ ಎದುರು ಅದೇ ಮಾತನ್ನು ಇನ್ನೊಮ್ಮೆ ಹೇಳಿದರು. ತಲೆ ತಗ್ಗಿಸಿ ಜೀಪು ಹತ್ತಿದರು.

ವಿಠ್ಠಲ ಕಲಬುರಗಿಯ ಗಾಜಿಪುರದ ಮನೆಯಿಂದ ದಿನಾ ಬಸ್ಸಿನಲ್ಲಿ ಕಮಲಾಪುರಕ್ಕೆ ಓಡಾಡುವ, ಶೇವಂತಾ ಅವರ ಶಾಲೆಯದೇ ಸಹಶಿಕ್ಷಕ. ಗುರುವಾರ ಠಾಣೆಗೆ ಕರೆಸಿದಾಗ ಇಸ್ತ್ರಿ ಮಾಡಿದ ಅಂಗಿಯಲ್ಲಿ ನೆಟ್ಟಗೆ ಕುಳಿತ.

“ಹಾಳಿ ಹಚ್ಚಿದವ್ರು ನೀವೇನು?”

“ಹೌದ್ರಿ. ಪೇಪರಿನವರು ಪ್ರಕಟ ಮಾಡಿದ್ದನ್ನ ಜನರಿಗೆ ತೋರಿಸೀನಿ. ಅದರಾಗ ನನ್ನ ಗುನ್ಹೆ ಏನದ?”

“ಪ್ರಕಟ ಆದದ್ದು ಎಲ್ಲಿ ನೋಡಿದ್ರಿ?”

“ವೆಬ್‌ಸೈಟಿನಾಗ. ಕಣ್ಣಾರೆ.”

“ತೋರಿಸ್ರಿ.”

ವಿಠ್ಠಲ ಠಾಣೆಯ ಕಂಪ್ಯೂಟರಿನ ಮುಂದೆ ಕುಳಿತು ಹುಡುಕಿದ. ಮತ್ತೆ ಹುಡುಕಿದ. ಹಿಂದಿನ ದಿನಗಳ ಪುಟಗಳನ್ನೂ ತೆರೆದು ನೋಡಿದ. ಅವನ ಬೆನ್ನು ನಿಧಾನವಾಗಿ ಬಾಗುತ್ತ ಬಂತು.

“ಮೋಮಿನಪುರದಾಗ ನೋಡಿದಾಗ ಇತ್ತಲ್ರೀ…”

“ಅದು ನೀವೇ ಬರದ ಕರಡು ಮಾಸ್ತರ್ರೇ. ಪ್ರಿವ್ಯೂ ಬಂದ್ ಮಾಡ್ದೇ ಎದ್ದು ಬಂದೀರಿ. ಮತ್ತ ಅದೇ ಕಂಪ್ಯೂಟರಿನಾಗ ನೋಡಿ ಪ್ರಕಟ ಆಗ್ಯದಂತ ತಿಳಕೊಂಡೀರಿ. ಅದನ್ನ ಊರಿಗೆ ತೋರಿಸಿದವ್ರು ನೀವೊಬ್ರೇ.”

ವಿಠ್ಠಲ ಕಡೆಗೆ ಬಾಯಿ ಬಿಟ್ಟ. ಬಡ್ತಿಯ ಆದೇಶ ಬರುವ ಮೊದಲೇ ತಾನು ಹೆಡ್‌ಮಾಸ್ತರ ಆದೆನೆಂದು ತಾಯಿಗೆ ಹೇಳಿಬಿಟ್ಟಿದ್ದ. ತಾಯಿ ಓಣಿಗೆಲ್ಲ ಪೇಡೆ ಹಂಚಿದ್ದರು. ಆಮೇಲೆ ಸೇವಾ ಹಿರಿತನದ ಮೇಲೆ ಆದೇಶ ಬಂದದ್ದು ಶೇವಂತಾ ಅವರಿಗೆ. ನಿಜ ಹೇಳಲು ನಾಲಿಗೆ ಏಳಲಿಲ್ಲ. ಈಗ ಆಗಸ್ಟ್ ಹದಿನೈದಕ್ಕೆ ಮಗ ಧ್ವಜ ಹಾರಿಸುವುದನ್ನು ನೋಡಲು ಕಮಲಾಪುರಕ್ಕೆ ಬರುತ್ತೇನೆಂದು ತಾಯಿ ಹೊಸ ಸೀರೆ ತೆಗೆದಿಟ್ಟಿದ್ದರು.

“ಆಕೀನ ಸಸ್ಪೆಂಡ್ ಮಾಡಿದ್ರ ಚಾರ್ಜ್ ನನಗ ಬರ್ತಿತ್ತು ಸರ್.”

ಬಂಧಿಸಿದ ಮೇಲೆ, ಉಳಿದ ಹಾಳೆಗಳ ಜಪ್ತಿಗಾಗಿ ಸಂಜೆ ಗಾಜಿಪುರಕ್ಕೆ ಹೋದರು. ತಾಯಿ ಇಂದೂಬಾಯಿ ಮಗನ ಹಿಂದೆ ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ. ಪಂಚರಾಗಿ ಬಂದ ನೆರೆಯವರಿಗೆ ನಗುತ್ತಲೇ ಹೇಳಿದರು:

“ಹೆಡ್‌ಮಾಸ್ತರ ಅಂದಮ್ಯಾಲ ದೊಡ್ಡ ಮಂದಿ ಮನಿಗೆ ಬರೂದೇ. ಕೂಡ್ರಿ, ಚಹಾ ಮಾಡ್ತೇನಿ.”

ಮಾಣಿಕಪ್ಪ ಪಂಚನಾಮೆಯ ಹಾಳೆ ಹಿಡಿದು ನಿಂತೇ ಇದ್ದರು. ಎಷ್ಟೋ ಮನೆಗಳಲ್ಲಿ ಗಟ್ಟಿ ದನಿಯಲ್ಲಿ ಓದಿದವರು ಇಂದು ಅದನ್ನು ಮಡಚಿಕೊಂಡರು.

“ಆಯಿ,” ಎಂದ ವಿಠ್ಠಲ, “ನಾ ಹೆಡ್‌ಮಾಸ್ತರ ಅಲ್ಲ. ಆಗೇ ಇಲ್ಲ.”

ಇಂದೂಬಾಯಿ ಎದ್ದು ಹೋಗಿ ಓಣಿಯ ಕಡೆಯ ಕಿಟಕಿ ಮುಚ್ಚಿದರು.