ಡಿಸ್ಕೌಂಟ್ ಇಲ್ಲದ ಮಾತು

ತರಗತಿಯಲ್ಲಿ ಅವನಿಗೆ ‘ಡಿಸ್ಕೌಂಟ್’ ಎಂಬ ಹೆಸರು ಬಿದ್ದದ್ದು ಅವಳಿಂದಲೇ.

ಸ್ವಂತ ಅಂಗಡಿ ಇಡಬೇಕೆನ್ನುವವರಿಗಾಗಿ ನಡೆಯುತ್ತಿದ್ದ ಸಂಜೆ ಕ್ಲಾಸು ಅದು. ಅವಳು ದಿಂಬು, ಹಾಸಿಗೆ ಹೊಲಿಯುವವಳು. ಅವನು ಬೆತ್ತದ ಕುರ್ಚಿ ಹೆಣೆಯುವವನು. ಪಾಠ ಹೇಳುವ ಮೇಡಂ ಒಂದು ದಿನ ಇಬ್ಬರನ್ನೂ ಎದುರುಬದುರು ಕೂರಿಸಿ, ಅವನು ಮಾರಬೇಕು, ಅವಳು ಕೊಳ್ಳಬೇಕು ಎಂದರು.

“ಬೆಲೆ ಹೇಳಿದ ಮೇಲೆ ಬಾಯಿ ಮುಚ್ಕೊಂಡಿರಿ. ಗಿರಾಕಿ ಯೋಚನೆ ಮಾಡ್ತಿರ್ತಾರೆ. ಮಧ್ಯೆ ನೀವು ಮಾತಾಡಿದ್ರೆ ನಿಮ್ಮ ಮಾಲನ್ನ ನೀವೇ ಅಗ್ಗ ಮಾಡ್ಕೊಂಡ ಹಾಗೆ.”

ಅವನು ತಾನು ಹೆಣೆದ ಕುರ್ಚಿಯೊಂದನ್ನು ಮುಂದಿಟ್ಟು ಬೆಲೆ ಹೇಳಿದ. ಅವಳು ಸುಮ್ಮನೆ ಕುರ್ಚಿಯ ಕಾಲು ನೋಡಿದಳು, ಅಷ್ಟೆ.

“ಜಾಸ್ತಿ ಆಯ್ತಾ? ಕಡಿಮೆ ಮಾಡ್ತೀನಿ. ಬೇಕಾದ್ರೆ ಮನೇಲಿರೋ ಹಳೇ ಕುರ್ಚೀನೂ ರಿಪೇರಿ ಮಾಡ್ಕೊಡ್ತೀನಿ.”

“ನಾನೇನಂದೆ ಈಗ?”

“ಏನೂ ಅನ್ಲಿಲ್ಲ. ಅದಕ್ಕೇ ಹೆದರಿಕೆ ಆಯ್ತು.”

“ಇನ್ನೂ ಸ್ವಲ್ಪ ಹೊತ್ತು ಸುಮ್ನಿದ್ದಿದ್ರೆ ಮನೇನೇ ಬರ್ಕೊಡ್ತಿದ್ರೇನೋ ಡಿಸ್ಕೌಂಟ್ ಸಾಹೇಬ್ರು.”

ಕ್ಲಾಸೆಲ್ಲ ನಕ್ಕಿತು. ಅವನೂ ನಕ್ಕ, ತಲೆ ತಗ್ಗಿಸಿ, ಕಿವಿಯ ಹಿಂದೆ ಕೆರೆದುಕೊಳ್ಳುತ್ತ. ಆ ಕೆರೆದುಕೊಳ್ಳುವಿಕೆ ಅವಳ ಕಣ್ಣಲ್ಲಿ ಉಳಿದುಬಿಟ್ಟಿತು.

ಆಮೇಲೆ ಅವನ ಕುರ್ಚಿಗೆ ಅವಳು ಅಳತೆ ತೆಗೆದು ದಿಂಬು ಹೊಲಿದಳು. ಅವಳು ಹೊಲಿಯಲು ಕೂರುವ ಸ್ಟೂಲಿಗೆ ಅವನು ಬೆನ್ನೊರಗು ಕಟ್ಟಿಕೊಟ್ಟ. ಅವಳ ಕೂದಲಿಗೆ ಅಂಟಿದ ಹತ್ತಿಯನ್ನು ತೆಗೆಯಲೆಂದು ಅವನ ಕೈ ಅರ್ಧದವರೆಗೆ ಬಂದು, “ಅಲ್ಲಿ ಹತ್ತಿ” ಎಂದು ತೋರಿಸಿ ಹಿಂದಕ್ಕೆ ಹೋಗುತ್ತಿತ್ತು. ಅವಳು ಬೇಕೆಂದೇ ತಡವಾಗಿ ತೆಗೆಯುತ್ತಿದ್ದಳು.

ಒಂದು ಸಂಜೆ ಬಸ್ ಸ್ಟಾಪಿನಲ್ಲಿ ಅವನೇ ಬಾಯಿಬಿಟ್ಟ. “ಇಬ್ರೂ ಒಂದೇ ಅಂಗಡಿ ಹಾಕಿದ್ರೆ ಹೇಗೆ? ಬರೀ ಅಂಗಡಿ ಅಂತಲ್ಲ. ಒಟ್ಟಿಗೇ ಇದ್ರೆ...”

ಅವಳ ಉತ್ತರ ನಾಲಿಗೆಯವರೆಗೆ ಬಂದಿತ್ತು.

“ಬೇಡ ಅಂದ್ರೆ ಬೇಡ. ಏನೋ ಬಾಯಿಗೆ ಬಂತು, ಅಂದೆ” ಎಂದವನೇ ಬಂದ ಬಸ್ಸು ಹತ್ತಿಬಿಟ್ಟ. ಅದು ಅವನ ಊರಿನ ಬಸ್ಸೂ ಅಲ್ಲ.

ಅವಳಿಗೆ ಮೊದಲು ನಗು ಬಂತು, ಮನೆ ಸೇರುವ ಹೊತ್ತಿಗೆ ಸಿಟ್ಟು. ಕುರ್ಚಿಯನ್ನು ಅಗ್ಗ ಮಾಡಿದ, ಹೋಗಲಿ. ತನ್ನನ್ನೂ ಹೀಗೆ ಕೇಳಿ ಕೈಬಿಡುವವನ ಜೊತೆ ಬಾಳುವುದು ಹೇಗೆ?

ಅದೇ ವಾರ ಚಿಕ್ಕಮ್ಮನ ಫೋನು ಬಂತು. “ನಮ್ಮೂರಲ್ಲಿ ನಿನ್ನ ಅಂಗಡಿಗೆ ಒಳ್ಳೇ ಜಾಗ ನೋಡಿದ್ದೀನಿ ಕಣೇ. ಕ್ಲಾಸು ಮುಗಿದ ದಿನವೇ ಹೂಂ ಅಥವಾ ಊಹೂಂ ಹೇಳ್ಬೇಕು. ಅಲ್ಲಿ ನಿನ್ನನ್ನ ಹಿಡ್ಕೊಂಡಿರೋದಾದ್ರೂ ಏನು?”

“ಆ ದಿನವೇ ಹೇಳ್ತೀನಿ” ಎಂದು ಅವಳು ಫೋನು ಇಟ್ಟಳು.

ಕೊನೆಯ ದಿನ ಎಲ್ಲರೂ ಹೋದ ಮೇಲೆ ಅವನು ಕ್ಲಾಸಿನ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಚಿಕ್ಕಮ್ಮ ಹೇಳಿದ್ದನ್ನೆಲ್ಲ ಅವಳು ಅವನಿಗೆ ಹೇಳಿ, “ಇನ್ನೂ ಹೂಂ ಅಂದಿಲ್ಲ” ಎಂದಳು.

ಅವನು ಕೈಯಲ್ಲಿದ್ದ ಕುರ್ಚಿ ಕೆಳಗಿಟ್ಟ.

“ಹೋಗ್ಬೇಡಿ. ನನ್ನ ಮದುವೆ ಆಗಿ. ಅಂಗಡಿ ವಿಷಯ ಆಮೇಲೆ.”

ಅವಳು ಕುರ್ಚಿಯ ಕಾಲು ನೋಡಿದಳು.

ಹೊರಗೆ ಯಾರೋ ವರಾಂಡ ಗುಡಿಸುತ್ತಿದ್ದರು. ಅವನ ತುಟಿ ಬಿಚ್ಚಿತು, ಮುಚ್ಚಿತು. ಕುರ್ಚಿಯ ಬೆನ್ನು ಹಿಡಿದ ಬೆರಳುಗಳು ಬಿಳಿಚಿಕೊಂಡವು. ಪೊರಕೆಯ ಸದ್ದು ವರಾಂಡದ ಆ ತುದಿ ಮುಟ್ಟಿ ಈಚೆಗೆ ಬಂತು. ಅವನು ಮಾತಾಡಲಿಲ್ಲ.

“ಡಿಸ್ಕೌಂಟ್ ಏನಾದ್ರೂ ಇದೆಯಾ?” ಎಂದು ಕೊನೆಗೆ ಅವಳೇ ಕೇಳಿದಳು.

“ಇಲ್ಲ.” ಅವನು ತಲೆಯೆತ್ತಿ ಅವಳನ್ನೇ ನೋಡಿದ. “ಈ ಸಲ ಇಲ್ಲ.”

ಅವಳು ಫೋನು ತೆಗೆದಳು. “ಚಿಕ್ಕಮ್ಮಾ, ಊಹೂಂ” ಎಂದಳು. ಆ ಕಡೆಯ ಬೈಗುಳವನ್ನೆಲ್ಲ ಕೇಳಿಸಿಕೊಂಡು, “ಇಲ್ಲಿ ಹಿಡ್ಕೊಂಡಿರೋದು ಏನು ಅಂತ ಕೇಳಿದ್ಯಲ್ಲ, ಭಾನುವಾರ ಕರ್ಕೊಂಡು ಬರ್ತೀನಿ. ನೀನೇ ನೋಡು” ಎಂದಳು.

ಅವನು ತಲೆ ತಗ್ಗಿಸಿ ಕಿವಿಯ ಹಿಂದೆ ಕೆರೆದುಕೊಂಡ. ಆಮೇಲೆ ಕೈ ಚಾಚಿ, ಅವಳ ಕೂದಲಲ್ಲಿದ್ದ ಹತ್ತಿಯನ್ನು ತಾನೇ ತೆಗೆದ.