ಟ್ಯಾಂಕಿನೊಳಗೆ ಕೂಗಿದ ಹೆಸರು

“ಇನ್ನೊಂದು ಟ್ಯಾಂಕ್ ಹೂಳೋದು ಬೇಡಪ್ಪ. ನಮ್ಮನೇಲಿ ಸತ್ತೋರು ಮುಗಿದುಹೋದ್ರು.”

ಮಾವ ಇದನ್ನು ಹೇಳಿದ್ದು ಹಾಡಹಗಲಿನಲ್ಲಿ, ಪೆಟ್ರೋಲ್ ಬಂಕಿನ ಹಿಂದಿನ ಆಫೀಸಿನಲ್ಲಿ, ಬೆನ್ನು ಹರಿದ ರೆಕ್ಸಿನ್ ಕುರ್ಚಿಗೆ ಒರಗಿಕೊಂಡು. ಮನೆಯಲ್ಲಿ ಸೋಪು ಮುಗಿಯಿತು ಅನ್ನುವ ಧಾಟಿಯಲ್ಲೇ ಹೇಳಿದರು. ಮದುವೆಯಾಗಿ ಬಂದು, ವ್ಯವಹಾರಕ್ಕೆ ಕೈಹಾಕಿ ಇನ್ನೂ ವರ್ಷ ತುಂಬದ ಅಳಿಯನಿಗೆ ಕುಡಿಯುತ್ತಿದ್ದ ಚಹಾ ನೆತ್ತಿಗೇರುವಷ್ಟು ನಗು ಬಂತು.

ನಗದೆ ಏನು ಮಾಡಿಯಾನು? ಮಾವನ ಅಪ್ಪ ತಳ್ಳುಗಾಡಿಯ ಮೇಲೆ ಪೀಪಾಯಿ ಇಟ್ಟುಕೊಂಡು ಬೀದಿ ಬೀದಿಯಲ್ಲಿ ಸೀಮೆಎಣ್ಣೆ ಮಾರಿದವರು. ಗಾಡಿ ಅಂಗಡಿಯಾಯಿತು, ಅಂಗಡಿ ಬಂಕಾಯಿತು. ಮಾವನ ಕೈಗೆ ಬಂದ ಮೇಲೆ ಕಾರ್ಖಾನೆಗಳಿಗೆ, ಆಸ್ಪತ್ರೆಯ ಜನರೇಟರುಗಳಿಗೆ, ಮೀನು ದೋಣಿಗಳಿಗೆ ಡೀಸೆಲ್ ಹೊತ್ತೊಯ್ಯುವ ಟ್ಯಾಂಕರುಗಳ ಸಾಲೇ ಅಂಗಳದಲ್ಲಿ ನಿಂತಿತು. ಅಂಥ ಮನೆತನ ಐದನೆಯ ಟ್ಯಾಂಕು ಹೂತಿದ್ದೇ ಗಕ್ಕನೆ ನಿಂತುಬಿಟ್ಟಿತ್ತು. ಹೊಸ ಬಂದರಿನವರು ತಾವಾಗಿ ಬಂದು ಡೀಸೆಲ್ ಕೊಡಿ ಎಂದರೂ ಮಾವ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿ ಕಳಿಸಿದ್ದರು.

“ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡ ಹಾಗಾಯ್ತು ನಿಮ್ಮ ಕತೆ,” ಎಂದ ಅಳಿಯ. “ಟ್ಯಾಂಕಿಗೂ ಹೆಣಕ್ಕೂ ಏನ್ ಸಂಬಂಧ ಮಾವ?”

ಮಾವ ಕಣ್ಣುಜ್ಜಿಕೊಂಡರು. ಹೇಳಿ ಹೇಳಿ ಸವೆದ ಕತೆಯನ್ನು ಇನ್ನೊಮ್ಮೆ ಹೇಳಲು ಅವರಿಗೆ ಬೇಸರವಾಗಿತ್ತು. ಆದರೂ ಹೇಳಿದರು.

ಅಪ್ಪನ ಗಾಡಿಗೆ ಅದೇ ಬೀದಿಗಳಲ್ಲಿ ಒಬ್ಬ ಎದುರಾಳಿಯಿದ್ದ. ಅವನ ಎಣ್ಣೆ ಹತ್ತಿಕೊಳ್ಳದಂತೆ ಮಾಡಲು ಅಪ್ಪ ಮಾಟಗಾರನ ಮನೆಯ ಮೆಟ್ಟಿಲು ಹತ್ತಿದರು. ಎದುರಾಳಿಯ ತಲೆಗೂದಲು, ದೀಪದ ಕರಿ, ತುಕ್ಕು ಹಿಡಿದ ಮೊಳೆ, ಎಲ್ಲವನ್ನೂ ತಗಡಿನ ಡಬ್ಬಿಗೆ ಹಾಕಿ ಬೆಸೆದು ಅಂಗಡಿ ಇಡಲೆಂದು ಹೂಳಿಸುತ್ತಿದ್ದ ಮೊದಲ ಟ್ಯಾಂಕಿನ ಅಡಿಯಲ್ಲಿ ಹೂತರು. ಅಂದಿನಿಂದ ಆ ಬಡಪಾಯಿ ಮಾರಿದ ಎಣ್ಣೆಗೆ ಬೆಂಕಿ ತಗುಲಿದರೂ ಬತ್ತಿ ಹೊತ್ತಲಿಲ್ಲ. ಕೊನೆಗೆ ಅದು ಹೊತ್ತಿಕೊಂಡಿದ್ದು ಅವನ ಮೈಮೇಲೆ ಮಾತ್ರ. ಸಾಯುವಾಗ ಅವನು ಅಪ್ಪನನ್ನು ಕರೆಸಿ ಹೇಳಿದ್ದು ಇಷ್ಟೇ: “ನೆಲದಡಿ ನೀನು ಇಡೋ ಒಂದೊಂದು ಹೊಟ್ಟೆಗೂ ನಿಮ್ಮನೆಯವರೇ ಒಬ್ಬೊಬ್ಬರು ಬೇಕು.”

ಎರಡನೆಯ ಟ್ಯಾಂಕಿಗೆ ಇಳಿಸಿದ ಎಣ್ಣೆಯೆಲ್ಲ ಬೆಳಗಾಗುವಷ್ಟರಲ್ಲಿ ನೀರಾಯಿತು. ಟ್ಯಾಂಕಿನ ಬಾಯಿ ತೆರೆದು ಮನೆಯವರ ಹೆಸರೊಂದನ್ನು ಒಳಕ್ಕೆ ಕೂಗಿ ಎಂದ ಮಾಟಗಾರ. ಅಪ್ಪ ತಮ್ಮನ ಹೆಸರು ಕೂಗಿದರು. ಎಣ್ಣೆ ಎಣ್ಣೆಯಾಗಿಯೇ ಉಳಿಯಿತು. ಚಿಕ್ಕಪ್ಪ ಮಾತ್ರ ಅಂದು ಮಲಗಿದವನು ಏಳಲಿಲ್ಲ.

“ಸತ್ತುಹೋದ್ರಾ?”

“ಸತ್ತಿದ್ರೆ ಪುಣ್ಯ. ಸುಸ್ತು. ಬರೀ ಸುಸ್ತು. ಕಣ್ಣು ಮುಚ್ಚೋಕಾಗಲ್ಲ, ನಿದ್ದೆ ಇಲ್ಲ, ಸಾವೂ ಇಲ್ಲ. ಟ್ಯಾಂಕ್ ಮುಚ್ಚಿಸಿ ನೋಡಿದ್ವಿ. ಮುಚ್ಚಿದಷ್ಟು ದಿನವೂ ಉಸಿರು ಕಟ್ಟಿದೋರ ಹಾಗೆ ಕಿರುಚಿದ. ಆಮೇಲೆ ನಮ್ಮಜ್ಜಿ ತೀರಿಕೊಂಡ್ಳು. ಟ್ಯಾಂಕ್ ಪೂರ್ತಿ ಒಣಗಿಸಿ ಅವಳ ಹೆಸರು ಕೂಗಿದ್ವಿ. ಚಿಕ್ಕಪ್ಪ ಎದ್ದು ಕೂತು ಊಟ ಕೇಳಿದ.” ಮಾವ ಉಸಿರು ಬಿಟ್ಟರು. “ಸತ್ತೋರಿಗೆ ಏನೂ ಆಗಲ್ಲಪ್ಪ. ಅವರಿಗೆಲ್ಲಿಯ ಸುಸ್ತು? ಆವತ್ತಿಂದ ಒಂದು ಟ್ಯಾಂಕಿಗೆ ಒಬ್ಬ ಸತ್ತೋರು. ಒಮ್ಮೆ ಕೊಟ್ಟ ಹೆಸರನ್ನ ಅದು ಮತ್ತೆ ತಗೊಳಲ್ಲ. ಕೊನೇದಕ್ಕೆ ನಿಮ್ಮತ್ತೇನ ಕೊಟ್ಟೆ. ಇನ್ಯಾರಿದ್ದಾರೆ?”

ಇದ್ದವರು ಮೂವರೇ: ಮಾವ, ಮಗಳು, ಅಳಿಯ. ಅಳಿಯ ತಲೆಯಾಡಿಸಿದ. ಮರುವಾರವೇ ಗುಂಡಿ ತೋಡಿಸಿದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿಯವನು.

ಮೊದಲ ಲೋಡು ಬಂದ ದಿನ ಟ್ಯಾಂಕರಿನ ಹಿರಿಯ ಡ್ರೈವರು ಕೊಳವೆ ಜೋಡಿಸಲು ಒಪ್ಪಲಿಲ್ಲ. ಮುಂಗೋಪಕ್ಕೆ ‘ಬೆಂಕಿಪೊಟ್ಟಣ’ ಎಂದು ಹೆಸರಾದವನು ಅಂದು ತಣ್ಣಗೆ ನಿಂತಿದ್ದ. “ಹೆಸರು ಕೂಗದೆ ನಾನು ಇಳಿಸಲ್ಲ ಸಾರ್.”

“ಅಷ್ಟೇ ತಾನೆ?” ಎಂದು ಅಳಿಯ ಮೊಣಕಾಲೂರಿ ಕುಳಿತ. ಕಬ್ಬಿಣದ ಮುಚ್ಚಳ ತೆಗೆದಾಗ ಹೊಸ ಬಣ್ಣದ ಘಾಟು ಮುಖಕ್ಕೆ ಹೊಡೆಯಿತು. ಒಳಗೆ ಕತ್ತಲೆ. ಮೇಲೆ ಸುಡುಬಿಸಿಲಿದ್ದರೂ ಒಂದು ಗೆರೆ ಬೆಳಕೂ ಕೆಳಗಿಳಿಯಲಿಲ್ಲ. ಕೆಲಸಗಾರರೆಲ್ಲ ನೋಡುತ್ತಿದ್ದರು. ಅವನು ನಗುತ್ತ ತನ್ನ ಹೆಸರನ್ನೇ ಗಟ್ಟಿಯಾಗಿ ಕೂಗಿದ.

ಖಾಲಿ ಟ್ಯಾಂಕು ಅದರೊಳಗೆ ಕೆಮ್ಮಿದರೂ ಮಾರ್ದನಿ ಕೊಡುತ್ತದೆ. ಇದು ಕೊಡಲಿಲ್ಲ. ಕೂಗಿದ್ದೆಲ್ಲ ಒಳಗೇ ಉಳಿಯಿತು.

ಎಣ್ಣೆ ನೀರಾಗಲಿಲ್ಲ. ಬಂದರಿಗೆ ಡೀಸೆಲ್ ಹೋಗತೊಡಗಿತು, ಹೊಸ ಟ್ಯಾಂಕರುಗಳು ಬಂದವು, ಎಲ್ಲರೂ ಅಳಿಯನ ಬೆನ್ನು ತಟ್ಟಿದರು. ಆ ಬೆನ್ನು ಮಾತ್ರ ಒಂದು ದಿನ ಹಾಸಿಗೆಯಿಂದ ಏಳಲು ಒಲ್ಲೆ ಅಂದಿತು. ಜ್ವರವಲ್ಲ, ನೋವಲ್ಲ. ಹಗಲಿಡೀ ಚೀಲ ಹೊತ್ತವನ ದಣಿವು, ಎದ್ದರೂ ಕೂತರೂ ಇಳಿಯದ ದಣಿವು. ಅಂಗಿಯ ಗುಂಡಿ ಹಾಕುವಷ್ಟರಲ್ಲಿ ಕೈ ಸೋಲುತ್ತಿತ್ತು. ಮಲಗಿದರೆ ರೆಪ್ಪೆ ಮುಚ್ಚುತ್ತಿರಲಿಲ್ಲ. ಉಸಿರೆಳೆದಾಗಲೆಲ್ಲ ಮೂಗಿನ ತುಂಬ ಡೀಸೆಲ್ ವಾಸನೆ, ನಾಲಿಗೆಯ ಮೇಲೆ ಅದರದೇ ಜಿಡ್ಡು. ಟ್ಯಾಂಕಿಗೆ ಲೋಡು ಇಳಿಯುವ ಹೊತ್ತಿಗೆ ಸರಿಯಾಗಿ ಅವನ ಎದೆಯೊಳಗೆ ಏನೋ ಬಳಬಳನೆ ತುಂಬಿಕೊಳ್ಳುತ್ತಿತ್ತು. ವೈದ್ಯರು ರಕ್ತ ಪರೀಕ್ಷಿಸಿದರು, ಎದೆಯ ಚಿತ್ರ ತೆಗೆದರು, ವಿಶ್ರಾಂತಿ ತಗೊಳ್ಳಿ ಎಂದರು. ಅವನಿಗೆ ಅಳು ಬಂತು.

“ಬೇಲಿ ಮೇಲೆ ಹೋಗೋ ಓತಿಕ್ಯಾತನ್ನ ಕಿವಿಗೆ ಬಿಟ್ಕೊಂಡೆ,” ಎಂದು ಮಾವನ ಮುಂದೆ ಒಪ್ಪಿಕೊಂಡ.

ಮಾವನೂ ಆಗ ಹಾಸಿಗೆ ಹಿಡಿದಿದ್ದರು. ಅವರ ಹೃದಯ ಸೋತಿತ್ತು. ದಿನ ಎಣಿಸಿ ಎಂದು ವೈದ್ಯರು ಮಗಳಿಗೆ ಹೇಳಿಯಾಗಿತ್ತು. ಮಾವನ ಮುಖದಲ್ಲಿ ದುಃಖವಿರಲಿಲ್ಲ. ಚಿಕ್ಕಂದಿನಿಂದ ಕೊಳವೆ ಎಳೆದು, ಅಳತೆಯ ಕೋಲು ಹಿಡಿದು, ನಡುರಸ್ತೆಯಲ್ಲಿ ಕೆಟ್ಟ ಟ್ಯಾಂಕರಿನಡಿ ನುಸುಳಿ ಬದುಕು ಸವೆಸಿದ ಮನುಷ್ಯ. ರಜೆ ಸಿಕ್ಕವರಂತೆ ಕಾಣುತ್ತಿದ್ದರು.

“ನನಗೂ ಸಾಕಾಗಿದೆ. ಮಲಗಿದ್ರೆ ಸಾಕು ಅನ್ನಿಸಿದೆ,” ಎಂದರು. “ನಾನು ಹೋದ ತಕ್ಷಣ ನನ್ನ ಹೆಸರು ಕೂಗು. ನೀನು ಬಚಾವಾಗ್ತೀಯ. ಅಲ್ಲೀತನಕ ತಡ್ಕೋ. ಉಸಿರಿರೋವಾಗ ಮಾತ್ರ ಕೂಗಬೇಡಪ್ಪ. ನನಗೆ ಚಿಕ್ಕಪ್ಪನ ಕಣ್ಣು ಇನ್ನೂ ನೆನಪಿದೆ.”

“ಇಲ್ಲ ಮಾವ. ಆಣೆ.”

ಒಂದು ಮಧ್ಯಾಹ್ನ ಮಾವನ ಉಸಿರು ಏರುಪೇರಾಯಿತು. ಹೆಂಡತಿ ಗಂಡನನ್ನು ಬಾಗಿಲವರೆಗೆ ನಡೆಸಿಕೊಂಡು ಬಂದಳು. ಅಪ್ಪ ಹೋಗುತ್ತಿರುವುದಕ್ಕೆ ಅಳಬೇಕೋ, ಗಂಡ ಉಳಿಯುತ್ತಿರುವುದಕ್ಕೆ ನೆಮ್ಮದಿ ಪಡಬೇಕೋ ಅವಳಿಗೆ ತಿಳಿಯಲಿಲ್ಲ. “ನೀವು ಟ್ಯಾಂಕ್ ಒಣಗಿಸಿ ಇಟ್ಕೊಳ್ಳಿ. ಮುಗಿದ ತಕ್ಷಣ ಫೋನ್ ಮಾಡ್ತೀನಿ. ಫೋನ್ ಬರೋವರೆಗೆ ಬಾಯಿ ಬಿಡಬೇಡಿ.”

ಬೆಂಕಿಪೊಟ್ಟಣ ಪಂಪು ಹಾಕಿ ಕೊನೆಯ ಹನಿಯವರೆಗೆ ಎಳೆದ. ತುಂಬಿದ ಟ್ಯಾಂಕರನ್ನು ಪಕ್ಕಕ್ಕೆ ತಂದು ನಿಲ್ಲಿಸಿದ. ಅಳಿಯ ಮುಚ್ಚಳದ ಬಳಿ ಬಿಸಿ ಸಿಮೆಂಟಿನ ಮೇಲೆ ಮಲಗಿಯೇ ಇದ್ದ, ಕೂರಲು ತ್ರಾಣವಿರಲಿಲ್ಲ. ಫೋನು ಎದೆಯ ಮೇಲಿತ್ತು.

ಟ್ಯಾಂಕು ಒಣಗಿದಂತೆ ಅವನ ಬಾಯೂ ಒಣಗಿತು. ಆಗ ಒಳಗಿನಿಂದ ಸದ್ದು ಬಂತು. ತಗಡನ್ನು ಉಗುರಿನಿಂದ ಕೆರೆಯುವ ಸದ್ದು. ಅದು ನಿಂತಿತು. ಅವನ ಹೆಸರು ಕೇಳಿಸಿತು. ಅವನದೇ ದನಿ. ಅಂದು ನಗುತ್ತ ಕೂಗಿದ್ದ ದನಿ. ನಗುತ್ತಲೇ ಮೇಲೇರಿ ಬರುತ್ತಿತ್ತು.

ಫೋನು ಸುಮ್ಮನಿತ್ತು.

“ಇನ್ನೂ ಬರಲಿಲ್ವಾ?” ಎಂದು ಪಿಸುಗುಟ್ಟಿದ.

“ಇಲ್ಲ ಸಾರ್. ತಡೀರಿ.”

ಹೆಸರು ಮತ್ತೆ ಕೇಳಿಸಿತು. ಹತ್ತಿರದಲ್ಲಿ. ಸುಟ್ಟ ಕೂದಲಿನ ವಾಸನೆ. ಅವನ ಕೈ ತಾನಾಗಿಯೇ ಟ್ಯಾಂಕಿನ ಬಾಯಿಯತ್ತ ಜಾರಿತು. ಬೆರಳು ಕತ್ತಲೆಗೆ ಇಳಿಯಿತು. ಮೊಣಕೈ ಇಳಿಯಿತು. ಒಳಗಿನಿಂದ ಯಾರೋ ಹಿಡಿದರು. ಒದ್ದೆ ಕೈ. ಎಳೆಯಿತು. ಹೇಗಿದ್ದರೂ ಮಾವ ಸಾಯುವವರೇ, ಅಂದುಕೊಂಡ. ಈಗಾಗಲೇ ಹೋಗಿರಬಹುದು, ಅಂದುಕೊಂಡ. ಹೋಗಿಲ್ಲವೆಂದು ಅವನಿಗೆ ಗೊತ್ತಿತ್ತು. ಭುಜ ಇಳಿಯಿತು. ಕೂಗಿಬಿಟ್ಟ.

ಮಾವನ ಹೆಸರು ಒಳಗೆ ಬಿತ್ತು. ಮಾರ್ದನಿ ಬರಲಿಲ್ಲ.

ಕೈ ಸಡಿಲವಾಯಿತು. ದಣಿವು ಅವನ ಮೈಯಿಂದ ಅಂಗಿ ಕಳಚಿದಷ್ಟು ಸಲೀಸಾಗಿ ಕಳಚಿತು. ಎದ್ದು ನಿಂತ. ತನ್ನ ಕಾಲ ಮೇಲೆ ತಾನೇ ನಿಂತಿದ್ದಕ್ಕೆ ಅವನಿಗೆ ಖುಷಿಯಾಯಿತು, ಅದು ಸುಳ್ಳಲ್ಲ. ಬೆಂಕಿಪೊಟ್ಟಣ ಅವನ ಮುಖ ನೋಡದೆ ಕೊಳವೆ ಜೋಡಿಸಿದ. ಡೀಸೆಲ್ ಒಳಗಿಳಿಯತೊಡಗಿದಾಗ ಫೋನು ಬಡಿದುಕೊಂಡಿತು.

“ಮುಗೀತಾ?” ಎಂದು ಕೇಳಿದ.

“ಇಲ್ಲಾರೀ!” ಹೆಂಡತಿ ನಗುತ್ತಿದ್ದಳು, ಅಳುತ್ತಿದ್ದಳು. “ಉಸಿರು ನಿಂತೇಹೋಯ್ತು ಅಂದ್ಕೊಂಡೆ. ವಾಪಸ್ ಬಂತು. ಕಣ್ಣು ಬಿಟ್ಟಿದ್ದಾರೆ. ದೊಡ್ಡದಾಗಿ ಬಿಟ್ಟಿದ್ದಾರೆ.” ಆಮೇಲೆ ಅವಳ ದನಿ ಕುಗ್ಗಿತು. “ರೆಪ್ಪೆ ಮುಚ್ತಾ ಇಲ್ಲ ಕಣ್ರೀ. ಯಾಕೆ?”

ಅವನು ಫೋನು ಹಿಡಿದುಕೊಂಡೇ ಮನೆಗೆ ಓಡಿದ. ಎಷ್ಟೋ ದಿನಗಳ ನಂತರ ಕಾಲುಗಳು ಹೇಳಿದ ಮಾತು ಕೇಳುತ್ತಿದ್ದವು, ಅದೇ ಅವನಿಗೆ ನಾಚಿಕೆ ತರುತ್ತಿತ್ತು.

ಕೋಣೆಯ ತುಂಬ ಡೀಸೆಲ್ ವಾಸನೆ. ಹೆಂಡತಿ ಗೋಡೆಗೊರಗಿ ಗಂಡನ ಗಟ್ಟಿ ಹೆಜ್ಜೆಗಳನ್ನು ನೋಡಿದಳು. ಏನಾಗಿದೆಯೆಂದು ಅವಳಿಗೆ ಆ ನೋಟದಲ್ಲೇ ತಿಳಿಯಿತು. ಟ್ಯಾಂಕಿಗೆ ಇನ್ನೂ ಕೊಡದ ಹೆಸರು ಮನೆಯಲ್ಲಿ ಉಳಿದಿದ್ದು ಅವಳದೊಂದೇ; ಇನ್ನು ಅಪ್ಪ ನಿದ್ದೆ ಮಾಡಬೇಕಾದರೆ ಅವಳು ಸಾಯಬೇಕು. ಅವಳು ಅಡುಗೆಮನೆಗೆ ಹೋದಳು.

ಮಾವ ಸೂರು ನೋಡುತ್ತ ಮಲಗಿದ್ದರು. ಅಳಿಯ ಮಂಚದ ಪಕ್ಕ ಕುಸಿದು ಕೂತ. ಮಾವ ತಲೆ ಹೊರಳಿಸಲು ಪ್ರಯತ್ನಿಸಿದರು, ಆಗಲಿಲ್ಲ. ಬೈಯಲೂ ಅವರಲ್ಲಿ ತ್ರಾಣವಿರಲಿಲ್ಲ.

“ಇನ್ನೇನು ನಿದ್ದೆ ಹತ್ತಿತ್ತಪ್ಪ,” ಎಂದರು. “ಒಂದು ಗಳಿಗೆ ಕಾಯಬಾರದಿತ್ತಾ?”